ತಲೆಯಾಡಿಸುವುದಕ್ಕೂ ಒಂದು ಪೀರಿಯಡ್ಡು

ನಾವು ಹೈಸ್ಕೂಲು ಓದುವಾಗ ಆಯ್ಕೆ ಎಂಬುದು ಇದ್ದದ್ದು ಒಂದೇ ಕಡೆ, ಪ್ರಥಮ ಭಾಷೆ ಕನ್ನಡವೋ ಸಂಸ್ಕೃತವೋ ಅನ್ನುವಲ್ಲಿ. ಅದೂ ಹೆಸರಿಗಷ್ಟೇ ನಮ್ಮ ಆಯ್ಕೆ. ಸಂಸ್ಕೃತದಲ್ಲಿ ನಂಬರು ಧಾರಾಳವಾಗಿ ಬೀಳುತ್ತದೆ ಎಂದು ಅಪ್ಪನಿಗೆ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹೇಳಿದ್ದರೆ ಮಗನಿಗೆ ಸಂಸ್ಕೃತ. ಹೇಳುವವರು ಸಿಕ್ಕದಿದ್ದರೆ ಕನ್ನಡ. ಉಳಿದದ್ದೆಲ್ಲ ಮದುವೆಮನೆ ಪಂಕ್ತಿಯ ಹಾಗೆ: ಎಲೆಗೆ ಬಿದ್ದದ್ದನ್ನು ಉಣ್ಣಬೇಕು, ಬೇಡವೆಂದರೂ ಬಡಿಸುವವನ ಕೈ ನಿಲ್ಲುವುದಿಲ್ಲ.

ಹಾಗಾಗಿ ಸ್ಯಾನ್ ಡಿಯಾಗೋದಲ್ಲಿರುವ ಮಗಳ ಮನೆಗೆ ಹೋದಾಗ, ಮೊಮ್ಮಗಳ ಹೈಸ್ಕೂಲಿನ ಕೋರ್ಸುಗಳ ಪಟ್ಟಿಯನ್ನು ನಾನು ಬಹಳ ಹೊತ್ತು ಓದಿದೆ. ಇಂಗ್ಲಿಷು, ಗಣಿತ, ವಿಜ್ಞಾನ, ಚರಿತ್ರೆ ಎಂಬ ಕಡ್ಡಾಯದ ಸಂಸಾರವೆಲ್ಲ ಮುಗಿದ ಮೇಲೆ ‘ಇಲೆಕ್ಟಿವ್’ ಎಂಬ ಭಾಗ ಶುರುವಾಗುತ್ತದೆ. ಮಡಕೆ ಮಾಡುವುದು, ಮರಗೆಲಸ, ಅಡುಗೆ, ಬ್ಯಾಂಡು, ಫೋಟೊಗ್ರಫಿ. ಒಂದೊಂದಕ್ಕೂ ಸೆಮಿಸ್ಟರಿಗೆ ಐದು ಕ್ರೆಡಿಟ್ಟು. ನಮ್ಮ ಕಾಲದಲ್ಲಿ ತೋಟಗಾರಿಕೆ ಎಂಬ ಹೆಸರಿನಲ್ಲಿ ಕನಕಾಂಬರದ ಗಿಡಗಳಿಗೆ ಬಕೆಟ್ಟಿನಲ್ಲಿ ನೀರು ಹೊತ್ತವರೆಲ್ಲ ಇಲ್ಲಿ ಹುಟ್ಟಿದ್ದರೆ ಎಷ್ಟು ಕ್ರೆಡಿಟ್ಟು ಸಂಪಾದಿಸಿರುತ್ತಿದ್ದರೋ! ಇಷ್ಟರವರೆಗೆ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಮಡಕೆ ಮಾಡುವುದನ್ನು ಕಲಿಸಬೇಕು, ನಿಜ. ಕಣ್ಣು ನಿಂತದ್ದು ಕೆಳಗಿನ ಎರಡು ಸಾಲಿನ ಮೇಲೆ. ಒಂದರಲ್ಲಿ ‘ಲೀಡರ್‌ಶಿಪ್’ ಎಂದಿತ್ತು. ಇನ್ನೊಂದರಲ್ಲಿ ‘ಅವಿಡ್’ ಎಂದಿತ್ತು. ಓದುವುದು ಹೇಗೆ, ನೋಟ್ಸು ಬರೆಯುವುದು ಹೇಗೆ, ಕ್ಲಾಸಿನಲ್ಲಿ ಕೂರುವುದು ಹೇಗೆ ಎಂದು ಕಲಿಸುವ ಕೋರ್ಸಂತೆ.

ಕೂರುವುದು ಹೇಗೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾಯಕತ್ವ.

ನಮ್ಮಲ್ಲಿ ಕ್ಲಾಸ್ ಲೀಡರ್ ಆಗಲು ಯಾವ ಕೋರ್ಸೂ ಬೇಕಿರಲಿಲ್ಲ. ಎತ್ತರ ಇದ್ದರೆ ಸಾಕು, ಇಲ್ಲವೇ ಅಕ್ಷರ ದುಂಡಗಿದ್ದರೆ ಸಾಕು. ಸ್ಟಾಫ್ ರೂಮಿನಿಂದ ಚಾಕ್‌ಪೀಸು, ಡಸ್ಟರು, ಕೋಲು ತರುವುದು ಅವನ ಕೆಲಸ. ತಂದ ಕೋಲಿನ ಮೊದಲ ಏಟು ಎಷ್ಟೋ ಸಲ ತಂದವನಿಗೇ ಬೀಳುತ್ತಿತ್ತು. ಅವನ ನಿಜವಾದ ಅಧಿಕಾರ ಬೆಳಗುತ್ತಿದ್ದದ್ದು ಮೇಷ್ಟ್ರು ರಜೆ ಹಾಕಿದ ದಿನ. ಬೋರ್ಡಿನ ಮೂಲೆಯಲ್ಲಿ ‘ಮಾತಾಡಿದವರು’ ಎಂದು ಬರೆದು ಕೆಳಗೊಂದು ಗೆರೆ ಎಳೆದನೆಂದರೆ ಇಡೀ ಕೋಣೆ ಅವನ ಕೈಯಲ್ಲಿದ್ದ ಚಾಕ್‌ಪೀಸಿನ ತುದಿಯನ್ನೇ ನೋಡುತ್ತಿತ್ತು. ಹೆಸರು ಬಿದ್ದ ಮೇಲೂ ಮಾತಾಡಿದರೆ ಹೆಸರಿನ ಮುಂದೆ ಒಂದು ಇಂಟು, ಮತ್ತೂ ಮಾತಾಡಿದರೆ ಎರಡು ಇಂಟು. ಒಂದು ಸೀಬೆಕಾಯಿ ಕೊಟ್ಟರೆ ಇಂಟುಗಳು ಹೋಗುತ್ತಿದ್ದವು. ಎರಡು ಕೊಟ್ಟರೆ ಹೆಸರೇ ಹೋಗುತ್ತಿತ್ತು. ಮುಂದೆ ತಾಲ್ಲೂಕು ಕಚೇರಿಗಳಲ್ಲಿ ಕಂಡದ್ದೆಲ್ಲ ನಮಗೆ ಹೊಸದೆನ್ನಿಸದೇ ಇದ್ದದ್ದಕ್ಕೆ ಆ ಸೀಬೆಕಾಯಿಯೇ ಕಾರಣ.

ಈಗ ಕಾಲ ಬದಲಾಗಿದೆ, ಒಪ್ಪುತ್ತೇನೆ. ಊರೂರ ಶಾಲೆಗಳಲ್ಲಿ ಶಾಲಾ ಸಂಸತ್ತು ಬಂದಿದೆ. ಮಕ್ಕಳು ನಾಮಪತ್ರ ಹಾಕುತ್ತಾರೆ, ಪ್ರಚಾರ ಮಾಡುತ್ತಾರೆ, ಮೊಬೈಲನ್ನೇ ಮತಯಂತ್ರ ಮಾಡಿಕೊಂಡು ಓಟು ಒತ್ತುತ್ತಾರೆ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಅಮ್ಮನಿಗೆ ತೋರಿಸುತ್ತಾರೆ. ಮುಖ್ಯಮಂತ್ರಿ, ಆರೋಗ್ಯ ಮಂತ್ರಿ, ಸ್ವಚ್ಛತಾ ಮಂತ್ರಿ, ಆಹಾರ ಮಂತ್ರಿ ಎಂದು ಖಾತೆ ಹಂಚಿಕೆಯಾಗುತ್ತದೆ. ಕ್ರೀಡಾ ಖಾತೆಗೆ ಮಾತ್ರ ಭಿನ್ನಮತ ತಪ್ಪಿದ್ದಲ್ಲ, ಚೆಂಡು ಇರುವುದು ಆ ಖಾತೆಯಲ್ಲಿ. ಆದರೆ ನಾನು ನೋಡಿದ ಒಂದು ಮಂತ್ರಿಮಂಡಲದಲ್ಲೂ ಹಣಕಾಸು ಮಂತ್ರಿ ಇರಲಿಲ್ಲ. ಸ್ವಚ್ಛತಾ ಮಂತ್ರಿಗೆ ಪೊರಕೆ ಹಿಡಿಯುವ ಅಧಿಕಾರವಿತ್ತು, ಪೊರಕೆ ಕೊಳ್ಳುವ ಅಧಿಕಾರ ಹೆಡ್ಮಾಸ್ಟರದು.

ಮೊಮ್ಮಗಳು ಲೀಡರ್‌ಶಿಪ್ಪನ್ನೇ ತೆಗೆದುಕೊಂಡಿದ್ದಳು. ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳಲ್ಲಿ ‘ಅಸೋಸಿಯೇಟೆಡ್ ಸ್ಟೂಡೆಂಟ್ ಬಾಡಿ’ ಎಂಬ ವಿದ್ಯಾರ್ಥಿ ಸಂಘ ಇರುತ್ತದೆ. ಎಷ್ಟೋ ಶಾಲೆಗಳಲ್ಲಿ ಅದರ ಪದಾಧಿಕಾರಿಗಳೆಲ್ಲ ದಿನವೂ ಒಂದು ಪೀರಿಯಡ್ ಕೂತು ಸಂಘದ ಕೆಲಸ ಮಾಡುವುದೇ ಈ ಕೋರ್ಸು. ನಾಯಕತ್ವವೆಂದರೆ ಗಾಂಧಿ, ಲಿಂಕನ್ನು, ಭಾಷಣ ಎಂದೆಲ್ಲ ನಾನು ಊಹಿಸಿಕೊಂಡಿದ್ದೆ. ಮನೆಗೆ ಬರುತ್ತಿದ್ದ ನಾಯಕಿಯ ಮೊಣಕೈವರೆಗೂ ಬಣ್ಣ. ಒಂದು ವಾರ ಆಳೆತ್ತರದ ಕಾಗದದ ಮೇಲೆ ಫುಟ್ಬಾಲ್ ಪಂದ್ಯದ ಪೋಸ್ಟರು ಬರೆದರು, ಮರುವಾರ ಅದನ್ನೆಲ್ಲ ಕಿತ್ತು ನೃತ್ಯಕೂಟದ ಪೋಸ್ಟರು ಅಂಟಿಸಿದರು. ಶಾಲೆಯ ಹುರುಪು ಹೆಚ್ಚಿಸಲೆಂದು ಒಂದು ವಾರ ದಿನಕ್ಕೊಂದು ವೇಷ. ಒಂದು ದಿನವಂತೂ ಎಲ್ಲರೂ ರಾತ್ರಿ ಮಲಗುವ ಬಟ್ಟೆಯಲ್ಲೇ ಶಾಲೆಗೆ ಬರಬೇಕೆಂದು ಈ ನಾಯಕರೇ ಠರಾವು ಮಾಡಿದ್ದರು. ನನ್ನ ಮನೆಯವಳು ಗಾಬರಿಯಾಗಿ, “ಇದೇನೇ ಇದು, ಸ್ಕೂಲಿಗೆ ಹೀಗೆ ಹೋಗ್ತಾರಾ?” ಅಂದಳು. “ಅಮ್ಮ, ನಮ್ಮ ಬೀದೀಲಿ ನೈಟಿ ಹಾಕ್ಕೊಂಡು ತರಕಾರಿ ತರಲ್ವಾ, ಅದಕ್ಕಿಂತ ಇದು ವಾಸಿ” ಎಂದು ಮಗಳು ಬಾಯಿ ಮುಚ್ಚಿಸಿದಳು.

ಇದೆಲ್ಲ ಆಟ ಎಂದುಕೊಂಡವನಿಗೆ ಎರಡು ಸಂಗತಿ ಆಟವಲ್ಲ ಅನ್ನಿಸಿತು. ಒಂದು, ಅವರ ಸಭೆ ನಡೆಯುವ ರೀತಿ. ಒಬ್ಬ ಪ್ರಸ್ತಾವ ಮಂಡಿಸಬೇಕು, ಇನ್ನೊಬ್ಬ ಅನುಮೋದಿಸಬೇಕು, ಆಮೇಲೆಯೇ ಚರ್ಚೆ, ಆಮೇಲೆ ಮತ. ಯಾರು ಏನು ಹೇಳಿದರು ಎಂಬುದಲ್ಲ, ಏನು ತೀರ್ಮಾನವಾಯಿತು ಎಂಬುದು ನಡಾವಳಿ ಪುಸ್ತಕದಲ್ಲಿ. ಈ ಕ್ರಮದ ಹಿಂದೆ ಒಂದು ಕತೆಯಿದೆ. ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಅಮೆರಿಕದ ಸೇನೆಯ ಇಂಜಿನಿಯರಿಗೆ 1863ರಲ್ಲಿ ಮ್ಯಾಸಚೂಸೆಟ್ಸಿನ ನ್ಯೂ ಬೆಡ್‌ಫರ್ಡಿನ ಚರ್ಚೊಂದರಲ್ಲಿ ಸಭೆ ನಡೆಸಿಕೊಡಿ ಎಂದರಂತೆ. ಸೇತುವೆ ಕೋಟೆಗಳ ಲೆಕ್ಕ ಬಲ್ಲ ಮನುಷ್ಯನಿಗೆ ಸಭೆಯ ಲೆಕ್ಕ ಗೊತ್ತಿರಲಿಲ್ಲ. ಎಲ್ಲರೂ ಒಟ್ಟಿಗೇ ಮಾತಾಡಿ ಸಭೆ ಗದ್ದಲವಾಯಿತು. ಬೇರೆಯವರಾಗಿದ್ದರೆ ಮನೆಗೆ ಹೋಗಿ ತಲೆನೋವಿನ ಮಾತ್ರೆ ನುಂಗುತ್ತಿದ್ದರು. ಇವರು ಪಟ್ಟುಹಿಡಿದು ಸಭಾ ನಿಯಮಗಳನ್ನೆಲ್ಲ ಅಭ್ಯಾಸ ಮಾಡಿ 1876ರಲ್ಲಿ ಒಂದು ಪುಸ್ತಕವನ್ನೇ ತಂದರು. ಇವತ್ತಿಗೂ ಆ ದೇಶದ ಸಂಘಸಂಸ್ಥೆಗಳು ‘ರಾಬರ್ಟನ ನಿಯಮ’ ಎಂದು ಆಣೆ ಹಾಕುವುದು ಅದರ ಮೇಲೆಯೇ. ಹದಿನೈದರ ಹುಡುಗಿಯರು ಬಲೂನು ಕೊಳ್ಳುವುದಕ್ಕೂ ಅದನ್ನು ಅನುಸರಿಸುತ್ತಾರೆ.

ಎರಡನೆಯದು ಆ ಬಲೂನಿನ ದುಡ್ಡು. ಕ್ಯಾಲಿಫೋರ್ನಿಯಾದ ಶಿಕ್ಷಣ ಕಾಯಿದೆಯ ಪ್ರಕಾರ ವಿದ್ಯಾರ್ಥಿ ಸಂಘದ ಹಣ ಖರ್ಚು ಮಾಡುವ ಮೊದಲು, ಪ್ರತಿಸಲವೂ, ಮೂವರ ಒಪ್ಪಿಗೆ ಬೇಕು: ಶಾಲಾ ಆಡಳಿತ ನೇಮಿಸಿದ ಒಬ್ಬರದು, ಸಲಹೆಗಾರ ಶಿಕ್ಷಕರದು, ಮತ್ತು ವಿದ್ಯಾರ್ಥಿ ಪ್ರತಿನಿಧಿಯದು. ಮೊದಲ ಇಬ್ಬರದು ಸರಿ. ಮೂರನೆಯದನ್ನು ಕೇಳಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ದೊಡ್ಡವರಿಬ್ಬರು ರುಜು ಹಾಕಿದರೂ ಹುಡುಗಿ ಹಾಕದಿದ್ದರೆ ದುಡ್ಡು ಹೊರಡುವುದಿಲ್ಲ! ಪೊರಕೆ ಕೊಳ್ಳಲಾಗದ ನಮ್ಮ ಸ್ವಚ್ಛತಾ ಮಂತ್ರಿ ಕಣ್ಣ ಮುಂದೆ ಬಂದ. ಪೋಸ್ಟರು, ವೇಷ, ಕುಣಿತ ಎಲ್ಲ ಹೋಗಲಿ, ಆ ಒಂದು ರುಜುವಿಗಾಗಿಯೇ ಐದು ಕ್ರೆಡಿಟ್ಟು ಕೊಡಬಹುದು ಎಂದು ನನ್ನ ಮಟ್ಟಿಗೆ ತೀರ್ಪು ಕೊಟ್ಟುಬಿಟ್ಟೆ.

ಇನ್ನು ಅವಿಡ್. ಅದನ್ನು ನನಗೆ ತೋರಿಸಿದವನು ಮೊಮ್ಮಗಳ ಸಹಪಾಠಿ, ಎರಡು ಬೀದಿ ಆಚೆಯ ಹುಡುಗ. ಅಪ್ಪನಿಗೆ ಬೇರೆಯವರ ಮನೆಗಳ ಹುಲ್ಲು ಕತ್ತರಿಸುವ, ಗಿಡ ಸವರುವ ಕೆಲಸ. ಅಮ್ಮ ಮೆಕ್ಸಿಕೋದಿಂದ ಬಂದವರು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಿಲ್ಲ. ಸಂಜೆ ನಮ್ಮ ಊಟದ ಮೇಜಿನ ಮೇಲೆ ಅವನು ದೊಡ್ಡದೊಂದು ಬೈಂಡರು ಇಟ್ಟರೆ ಧಡ್ ಎಂದು ಸದ್ದಾಗುತ್ತಿತ್ತು. ಮೂರು ಉಂಗುರದ ಆ ಬೈಂಡರಿನಲ್ಲಿ ವಿಷಯಕ್ಕೊಂದು ಬಣ್ಣದ ಪಟ್ಟಿ. ಒಳಗಿನ ಹಾಳೆಗಳು ತಾರೀಖಿನ ಕ್ರಮದಲ್ಲೇ ಇರಬೇಕು. ಮೇಷ್ಟ್ರು ಆಗಾಗ ಅದನ್ನೇ ಪರೀಕ್ಷೆ ಮಾಡಿ ನಂಬರು ಕೊಡುತ್ತಾರೆ. ಚೀಲ ಜೋಡಿಸಿಕೊಂಡದ್ದಕ್ಕೆ ನಂಬರು! ಪುಸ್ತಕದ ನಡುವೆ ನವಿಲುಗರಿ, ಅರ್ಧ ತಿಂದ ಚಿಕ್ಕಿ, ಕಳೆದ ವರ್ಷದ ಪ್ರಶ್ನೆಪತ್ರಿಕೆ ಎಲ್ಲ ಒಂದೇ ಕಡೆ ಇಟ್ಟುಕೊಂಡು ಪಾಸಾದ ಪೀಳಿಗೆಯವನು ನಾನು. ನಗದೇ ಏನು ಮಾಡಲಿ.

ಅವನ ಹಾಳೆಗಳಲ್ಲಿ ಎಡಕ್ಕೊಂದು ಉದ್ದಗೆರೆ, ಕೆಳಗೊಂದು ಅಡ್ಡಗೆರೆ. ಬಲಗಡೆಯ ಅಗಲ ಜಾಗದಲ್ಲಿ ಪಾಠ ಕೇಳುತ್ತಾ ಬರೆದದ್ದು. ಎಡಗಡೆಯ ಕಿರಿದಾದ ಜಾಗದಲ್ಲಿ ಆಮೇಲೆ ಮನೆಗೆ ಬಂದು, ಅದರ ಮೇಲೆ ತಾನೇ ಹಾಕಿಕೊಂಡ ಪ್ರಶ್ನೆಗಳು. ಕೆಳಗೆ ಎರಡು ಮೂರು ಸಾಲಿನ ಸಾರಾಂಶ. ಬಲಗಡೆ ಮುಚ್ಚಿ ಎಡಗಡೆಯ ಪ್ರಶ್ನೆಗೆ ಉತ್ತರ ಹೇಳಿಕೊಂಡರೆ ಓದಿದ ಹಾಗೆ. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಎಂಬ ಮೇಷ್ಟ್ರು ಹುಟ್ಟುಹಾಕಿ, 1962ರ ತಮ್ಮ ಪುಸ್ತಕದಲ್ಲಿ ಪ್ರಚಾರ ಮಾಡಿದ ಪದ್ಧತಿ ಇದು. ಎರಡು ಗೆರೆ, ಅಷ್ಟೇ. ನಮ್ಮಲ್ಲೂ ನೋಟ್ಸಿನಲ್ಲಿ ಗೆರೆ ಎಳೆಯುತ್ತಿದ್ದೆವು, ಮಾರ್ಜಿನ್ನು. ಅದರ ಆಚೆ ಬರೆದರೆ ಬೈಗುಳ ಬೀಳುತ್ತಿತ್ತು. ಆ ಖಾಲಿ ಜಾಗದಲ್ಲಿ ಪ್ರಶ್ನೆ ಬರೆಯಬಹುದು ಎಂದು ಯಾರೂ ಹೇಳಿರಲಿಲ್ಲ.

ಕೂರುವ ವಿಷಯಕ್ಕೆ ಬಂದೆ. ಐದು ಕಟ್ಟಳೆ: ನೆಟ್ಟಗೆ ಕೂರು, ಮುಂದಕ್ಕೆ ಬಾಗು, ಪ್ರಶ್ನೆ ಕೇಳು, ತಲೆಯಾಡಿಸು, ಮೇಷ್ಟರ ಹತ್ತಿರ ಹೋಗಿ ಮಾತಾಡು. ಐದರಲ್ಲಿ ನಾಲ್ಕನೆಯದನ್ನು ಕೇಳಿ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕೆವು. ತಲೆಯಾಡಿಸುವುದನ್ನು ನಮಗೆ ಕಲಿಸಬೇಕೆ? ನಮ್ಮ ತಲೆಯಾಟ ಹೌದೂ ಅಲ್ಲ, ಅಲ್ಲವೂ ಅಲ್ಲ. ನೋಡೋಣ, ಆಗಲಿ, ನಿಮ್ಮಿಷ್ಟ, ಸಾಲ ಮುಂದಿನ ತಿಂಗಳು ಕೊಡುತ್ತೇನೆ ಎಲ್ಲವೂ ಅದರಲ್ಲೇ ಇದೆ. ಮೊಮ್ಮಗಳ ಒಬ್ಬ ಮೇಷ್ಟ್ರು ಅವಳಿಗೆ, “ದಯವಿಟ್ಟು ಬಾಯಲ್ಲಿ ಹೇಳು” ಎಂದಿದ್ದರಂತೆ.

ಆದರೆ ಮೇಷ್ಟ್ರ ಕೆಲಸ ಮಾಡಿದವನಿಗೆ ಈ ಕಟ್ಟಳೆಯ ಒಳಗುಟ್ಟು ಗೊತ್ತು. ಅರವತ್ತು ಮುಖಗಳ ಮುಂದೆ ನಿಂತು ಪಾಠ ಮಾಡುವಾಗ ಕಣ್ಣು ತಾನಾಗಿ ಹೋಗಿ ನಿಲ್ಲುವುದು ತಲೆಯಾಡಿಸುವ ಮುಖದ ಮೇಲೆ. ಆ ತಲೆ ನಿಂತರೆ ಮೇಷ್ಟ್ರೂ ನಿಲ್ಲುತ್ತಾರೆ, ಹಿಂದಕ್ಕೆ ಹೋಗಿ ಇನ್ನೊಂದು ಸಲ ಹೇಳುತ್ತಾರೆ. ಕ್ಲಾಸಿನ ವೇಗ ನಿರ್ಧರಿಸುವುದು ಪಠ್ಯಕ್ರಮವಲ್ಲ, ಆ ನಾಲ್ಕೈದು ತಲೆಗಳು. ಮತ್ತು ಅವು ಯಾರ ತಲೆಗಳು? ಮೇಷ್ಟ್ರ ಮಕ್ಕಳವು, ಪೋಸ್ಟ್‌ಮಾಸ್ಟರ ಮಕ್ಕಳವು, ವಕೀಲರ ಮಕ್ಕಳವು. ಹಿಂದಿನ ಬೆಂಚಿನಲ್ಲಿ ಕೂತು ನೆಲ ನೋಡುತ್ತಿದ್ದ ಹುಡುಗನಿಗೆ ತಲೆಯಾಡಿಸಬಹುದು ಎಂಬ ಹಕ್ಕಿನ ಸುಳಿವೇ ಇರಲಿಲ್ಲ.

ಅವಿಡ್ ಹುಟ್ಟಿದ್ದೂ ಇಂಥ ಹುಡುಗರಿಗಾಗಿ, ಅದೇ ಸ್ಯಾನ್ ಡಿಯಾಗೋದಲ್ಲಿ. 1980ರಲ್ಲಿ ಅಲ್ಲಿನ ಕ್ಲೇರ್‌ಮಾಂಟ್ ಹೈಸ್ಕೂಲಿಗೆ, ಶಾಲೆಗಳಲ್ಲಿ ಬಣ್ಣಭೇದ ತೊಲಗಬೇಕು ಎಂಬ ನ್ಯಾಯಾಲಯದ ಆಜ್ಞೆಯಂತೆ, ಊರಿನ ಬಡಕೇರಿಗಳ ಮಕ್ಕಳು ಬಸ್ಸಿನಲ್ಲಿ ಬರತೊಡಗಿದರು. ಇವರಿಗೆ ಸುಲಭದ ಪಾಠ ಸಾಕು ಎಂದವರೇ ಹೆಚ್ಚು. ಇಂಗ್ಲಿಷ್ ವಿಭಾಗದ ಮುಖ್ಯಸ್ಥೆ ಮೇರಿ ಕ್ಯಾಥರಿನ್ ಸ್ವಾನ್ಸನ್ ಮಾತ್ರ 32 ಮಕ್ಕಳನ್ನು ಆರಿಸಿಕೊಂಡು, ಇವರನ್ನು ಕಷ್ಟದ ಪಾಠಕ್ಕೇ ಹಾಕಿ, ಅದನ್ನು ಓದುವುದು ಹೇಗೆ ಎಂದು ನಾನು ಬೇರೆ ಪೀರಿಯಡ್ಡಿನಲ್ಲಿ ಹೇಳಿಕೊಡುತ್ತೇನೆ ಎಂದರು. ಅದೀಗ ಸಾವಿರಾರು ಶಾಲೆಗಳಲ್ಲಿದೆ. ಮೊದಲ ರ‍್ಯಾಂಕಿನವರಿಗಲ್ಲ, ಕೊನೆಯವರಿಗೂ ಅಲ್ಲ. ಗಲಾಟೆ ಮಾಡದೆ, ಮಿಂಚದೆ, ಯಾರ ಕಣ್ಣಿಗೂ ಬೀಳದೆ ನಡುವೆ ಉಳಿದುಬಿಡುವ ಮಕ್ಕಳಿಗೆ.

ಈ ಕೋರ್ಸಿನಲ್ಲಿ ವಾರಕ್ಕೆ ಎರಡು ದಿನ ‘ಟ್ಯುಟೋರಿಯಲ್’. ಅದು ನನಗೆ ಬಲು ಕಷ್ಟವಾಯಿತು. ಹುಡುಗ ತನಗೆ ಬಾರದ ಲೆಕ್ಕ ತರಬೇಕು. ‘ಅರ್ಥವಾಗಲಿಲ್ಲ ಸಾರ್’ ಎಂದರೆ ನಡೆಯುವುದಿಲ್ಲ, ಯಾವ ಮೆಟ್ಟಿಲಲ್ಲಿ ಸಿಕ್ಕಿಕೊಂಡೆ ಎಂದು ಬರೆದು ತರಬೇಕು. ಗುಂಪಿನ ಮುಂದೆ ಬೋರ್ಡಿನಲ್ಲಿ ಅದನ್ನು ಬಿಡಿಸಬೇಕು. ಉಳಿದವರು, ಕಾಲೇಜಿನಿಂದ ಬಂದ ಟ್ಯೂಟರೂ ಸೇರಿ, ಪ್ರಶ್ನೆ ಕೇಳಬಹುದೇ ಹೊರತು ಉತ್ತರ ಹೇಳುವಂತಿಲ್ಲ. ಒಂದು ಸಂಜೆ ಹುಡುಗ ಅದರ ತಾಲೀಮನ್ನು ನಮ್ಮ ಮನೆಯಲ್ಲೇ ನಡೆಸಿದ. ವರ್ಗಸಮೀಕರಣದ ಲೆಕ್ಕ. 6ರ ಅರ್ಧ 3, ಅದರ ವರ್ಗ 9. ಆ 9ನ್ನು ಎಡಕ್ಕೆ ಕೂಡಿಸಿದ್ದ, ಬಲಕ್ಕೆ ಕೂಡಿಸಿರಲಿಲ್ಲ. ನನಗೆ ದೂರದ ಸೋಫಾದಿಂದಲೇ ಕಂಡಿತು. ನಿವೃತ್ತಿಯವರೆಗೂ ಉತ್ತರ ಹೇಳಿಯೇ ಸಂಬಳ ಎಣಿಸಿದ ನಾಲಗೆ ಸುಮ್ಮನಿರುತ್ತದೆಯೆ? “ಅಯ್ಯೋ, ಬಲಗಡೆ...” ಎನ್ನುವಷ್ಟರಲ್ಲಿ, “ಅಜ್ಜ, ನೋ!” ಎಂದು ಮೊಮ್ಮಗಳು. “ಅಪ್ಪ, ಸ್ವಲ್ಪ ನಿಂಬೆಗಿಡಕ್ಕೆ ನೀರು ಹಾಕಿ ಬನ್ನಿ” ಎಂದು ಮಗಳು. ನೀರು ಹಾಕಿ ಬಂದೆ. ಇನ್ನೂ ಬಲಗಡೆ ಖಾಲಿ. “ಆ 9 ಎಲ್ಲಿಂದ ಬಂತು?” ಎಂದು ಮೊಮ್ಮಗಳು ಕೇಳುತ್ತಿದ್ದಳು. “ಇಲ್ಲಿ ಮೊದಲು ಇತ್ತಾ? ಇಲ್ಲದ್ದನ್ನ ನೀನು ತಂದು ಹಾಕಿದ್ರೆ, ಎರಡು ಕಡೆ ಇನ್ನೂ ಸಮ ಇದೆಯಾ?” ಹುಡುಗ ಬಹಳ ಹೊತ್ತು ಲೆಕ್ಕ ನೋಡಿದ. ಆಮೇಲೆ ‘ಓ’ ಎಂದು ಬಲಗಡೆಯೂ 9 ಬರೆದ. ನಾನಾಗಿದ್ದರೆ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದೆ. ಮುಂದಿನ ವಾರ ಅದನ್ನೇ ಇನ್ನೊಮ್ಮೆ ಅರ್ಧ ನಿಮಿಷ, ಪರೀಕ್ಷೆಯ ಹಿಂದಿನ ದಿನ ಮತ್ತೊಮ್ಮೆ ಅರ್ಧ ನಿಮಿಷ.

ಆ ರಾತ್ರಿ ನನಗೆ ನೆನಪಾದದ್ದು ನನ್ನ ಕ್ಲಾಸಿನಲ್ಲಿದ್ದ ಒಬ್ಬ ಹುಡುಗ. ಕುರಿ ಕಾಯುವವರ ಮನೆಯವನು, ಬೆಳಗಿನ ಜಾವ ಎದ್ದು ಬೀದಿದೀಪದ ಕೆಳಗೆ ಓದುತ್ತಿದ್ದ. ಸಮಾಜ ವಿಜ್ಞಾನದ ಪುಸ್ತಕವನ್ನು ಅವನು ಮೊದಲ ಪುಟದಿಂದ ಉರು ಹೊಡೆದಿದ್ದ. ಮೊದಲ ಪುಟವೆಂದರೆ ಪಾಠದ ಮೊದಲ ಪುಟವಲ್ಲ. ಪಠ್ಯಪುಸ್ತಕ ರಚನಾ ಸಮಿತಿಯ ಅಧ್ಯಕ್ಷರು, ಸದಸ್ಯರು, ಪರಿಶೀಲಕರು, ಚಿತ್ರಕಾರರು ಎಲ್ಲರ ಹೆಸರೂ ಅವನಿಗೆ ಬಾಯಿಪಾಠ, ಮುನ್ನುಡಿಯೂ ಬಾಯಿಪಾಠ. ನವೆಂಬರಿನ ಹೊತ್ತಿಗೆ ಮೂರನೇ ಪಾಠಕ್ಕೆ ಬಂದಿದ್ದ. ಇದನ್ನು ಓದಬೇಕಿಲ್ಲ, ಮುಂದಕ್ಕೆ ಹೋಗು ಎಂದು ಹೇಳುವವರು ಅವನ ಮನೆಯಲ್ಲಿ ಯಾರಿದ್ದರು? ಅದೇ ಊರಿನ ಮೇಷ್ಟ್ರ ಮನೆಗಳಲ್ಲಿ, ಪಾಠದ ಹಿಂದಿನ ಪ್ರಶ್ನೆಗಳನ್ನು ಮೊದಲು ನೋಡಿಕೊಂಡು ಪಾಠಕ್ಕೆ ಕೈ ಹಾಕಬೇಕು ಎಂಬುದು ರಾತ್ರಿ ಸಾರನ್ನ ಕಲಸುತ್ತಾ ಮಕ್ಕಳ ಕಿವಿಗೆ ಬೀಳುತ್ತಿತ್ತು. ಅದನ್ನು ಯಾರೂ ಬಚ್ಚಿಟ್ಟುಕೊಂಡಿರಲಿಲ್ಲ. ಗೋಡೆಯಾಚೆ ಕೇಳಿಸುತ್ತಿರಲಿಲ್ಲ, ಅಷ್ಟೇ. ಶ್ರದ್ಧೆ, ಬುದ್ಧಿ, ಹಣೆಬರಹ ಎಂದೆಲ್ಲ ನಾವು ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತಾ ವಿಂಗಡಿಸುತ್ತಿದ್ದದ್ದರಲ್ಲಿ ಎಷ್ಟು ಪಾಲು ಈ ಸಾರನ್ನದ್ದೋ! ಸ್ಯಾನ್ ಡಿಯಾಗೋದ ಸಮಾಜಶಾಸ್ತ್ರಜ್ಞ ಹ್ಯೂ ಮೆಹಾನ್ ಮತ್ತು ಸಂಗಡಿಗರು ಅವಿಡ್ ಮಕ್ಕಳನ್ನು ಅಭ್ಯಾಸ ಮಾಡಿ 1996ರಲ್ಲಿ ಬರೆದ ಪುಸ್ತಕವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಬಲ್ಲವರ ಮನೆಯ ಮಕ್ಕಳಿಗೆ ತಾನಾಗಿ ಸಿಗುವುದನ್ನು ಈ ಕೋರ್ಸು ಬಾಯಿಬಿಟ್ಟು ಹೇಳಿಕೊಡುತ್ತದೆ ಎಂದು.

ನಾಯಕತ್ವದ ಕಡೆ ಇಷ್ಟು ಕರಗಲು ನನಗೆ ಆಗಿಲ್ಲ. ಅಲ್ಲಿನ ನಮ್ಮವರ ಮನೆಗಳ ಊಟದ ಕೂಟಗಳಿಗೆ ಹೋಗಿ ನೋಡಬೇಕು. ಮೊದಲೆಲ್ಲ ‘ನಿಮ್ಮ ಮಗನಿಗೆ ಗಣಿತದಲ್ಲಿ ಎಷ್ಟು?’ ಎನ್ನುತ್ತಿದ್ದವರು ಈಗ ‘ನಿಮ್ಮ ಮಗ ಯಾವುದಕ್ಕೆ ಅಧ್ಯಕ್ಷ?’ ಎನ್ನುತ್ತಾರೆ. ಒಳ್ಳೆಯ ಕಾಲೇಜು ಸಿಗಬೇಕಾದರೆ ಅರ್ಜಿಯಲ್ಲಿ ನಾಯಕತ್ವ ಕಾಣಿಸಬೇಕು ಎಂದು ಎಲ್ಲ ಅಪ್ಪ ಅಮ್ಮಂದಿರಿಗೂ ಗೊತ್ತಾಗಿಬಿಟ್ಟಿದೆ. ಆದ್ದರಿಂದ ಚೆಸ್ ಕ್ಲಬ್ಬಿಗೊಬ್ಬ ಅಧ್ಯಕ್ಷ, ಅವನ ಮೇಲೆ ಮುನಿಸಿಕೊಂಡು ಹೊರಬಂದವನು ಸ್ಥಾಪಿಸಿದ ಇನ್ನೊಂದು ಚೆಸ್ ಕ್ಲಬ್ಬಿಗೆ ಅವನೇ ಅಧ್ಯಕ್ಷ. ಹಪ್ಪಳ ಮುರಿಯುತ್ತಾ ನಮ್ಮವಳು ಮೆಲ್ಲಗೆ, “ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರೋರು ಯಾರು?” ಎಂದಳು. ಯಾರೂ ಉತ್ತರ ಕೊಡಲಿಲ್ಲ. ಹೊರುವವರಿಗೆ ಇನ್ನೂ ಕ್ರೆಡಿಟ್ಟು ಬಂದಿಲ್ಲವಲ್ಲ.

ಮೊಮ್ಮಗಳ ವಿದ್ಯೆ ಪರೀಕ್ಷೆಗೆ ಬಂದದ್ದು ರಾಜ್ಯೋತ್ಸವದ ಊಟದ ಸಿದ್ಧತೆಗೆ ಅಲ್ಲಿನ ನಾಲ್ಕಾರು ಕನ್ನಡ ಮನೆಯವರು ಸೇರಿದಾಗ. ಸಿಹಿ ಚಿರೋಟಿಯೋ ಜಿಲೇಬಿಯೋ ಎಂಬುದು ಅಲ್ಲಿ ವರ್ಷವರ್ಷವೂ ಸಂಸಾರಗಳನ್ನು ಒಡೆಯುವ ವಿಷಯವಂತೆ. ಬರೆದುಕೊಳ್ಳಲು ಒಬ್ಬರು ಬೇಕೆಂದು ಇವಳನ್ನು ಕೂರಿಸಿದರು. ಬರೆದುಕೊಳ್ಳಲು ಕೂತವಳು ಐದು ನಿಮಿಷದಲ್ಲಿ ಸಭೆಯನ್ನೇ ಕೈಗೆ ತೆಗೆದುಕೊಂಡಳು. “ಅಂಕಲ್, ನೀವು ಆಗಲೇ ಒಂದು ಸಲ ಮಾತಾಡಿದ್ರಿ. ಮಾತಾಡದೇ ಇರೋರು ಮುಗಿಸಲಿ, ಆಮೇಲೆ ನೀವು.” ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿರುವ ಆ ಮನುಷ್ಯ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು ಒಂದು ಕೋಡುಬಳೆ ತೆಗೆದುಕೊಂಡರು. ಎಂದೂ ತುಟಿಪಿಟಕ್ಕೆನ್ನದ ಹೆಣ್ಣುಮಗಳೊಬ್ಬರು, ಎಪ್ಪತ್ತು ಜನಕ್ಕೆ ಚಿರೋಟಿ ಕರಿಯುವವಳು ನಾನು, ನನ್ನನ್ನು ಯಾರೂ ಕೇಳಿಯೇ ಇಲ್ಲ ಎಂದರು. ಮತಕ್ಕೆ ಹಾಕಿದರು. ಜಿಲೇಬಿ ಗೆದ್ದಿತು. ಸೋತ ಅಂಕಲ್ ಎಂದಿನಂತೆ ಕಾರಿನ ಕೀಲಿ ಹುಡುಕಲಿಲ್ಲ. ಗಂಟಲು ಸರಿಮಾಡಿಕೊಂಡು, “ನನ್ನ ವಿರೋಧ ನಡಾವಳಿಯಲ್ಲಿ ದಾಖಲಾಗಬೇಕು” ಎಂದರು. ಮೊಮ್ಮಗಳು ಬಹಳ ಗಂಭೀರವಾಗಿ ಪೆನ್ನು ತೆಗೆದು, ನನ್ನ ಕಡೆ ಬಾಗಿ ಕೇಳಿದಳು: “ಅಜ್ಜ, ಚಿರೋಟಿಗೆ ರ ಹ್ರಸ್ವಾನಾ ದೀರ್ಘಾನಾ?”